ಚೀಲದ ಬಾಯಿ ಕಟ್ಟುವ ಮುಂಚೆ

ಓದುಗರ ಪತ್ರ: ಆರು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾವು ಕೆಲವರು ಸೇರಿ ಹಳ್ಳದ ದಂಡೆಯ ಕಸ ಎತ್ತಿ ಚೀಲಕ್ಕೆ ತುಂಬುತ್ತಿದ್ದೇವೆ. ಒಣಗಿದ್ದನ್ನು ಕೆಲವೊಮ್ಮೆ ಅಲ್ಲೇ ಸುಡುತ್ತೇವೆ. ಶುರುವಿನಲ್ಲಿ 11 ಜನ ಇದ್ದೆವು, ಈಗ 4 ಜನ ಉಳಿದಿದ್ದೇವೆ. ಭಾನುವಾರ ಸ್ವಚ್ಛ ಮಾಡಿದ ಜಾಗ ಬುಧವಾರದ ಹೊತ್ತಿಗೆ ಮತ್ತೆ ಮೊದಲಿನ ಹಾಗೇ ಆಗಿರುತ್ತದೆ. ಮೊನ್ನೆ ವಾಕಿಂಗ್ ಬಂದವರೊಬ್ಬರು ‘ನೀವು ಎತ್ತುತ್ತೀರಿ ಅಂತಾನೇ ಜನ ಹಾಕ್ತಾರೆ’ ಅಂದರು. ಆ ಮಾತು ತಲೆಯಿಂದ ಹೋಗುತ್ತಿಲ್ಲ. ನಮ್ಮ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತೇ? ನಿಲ್ಲಿಸಿಬಿಡೋಣವೇ? (ನನ್ನ ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಲ್ಲಿಸಬೇಡಿ. ಉಳಿದದ್ದು ಆಮೇಲೆ, ಇದೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆದರೆ ಈಗ ಮಾಡುತ್ತಿರುವ ಹಾಗೇ ಮಾಡುತ್ತಾ ಹೋಗಿ ಅಂತಲೂ ನಾನು ಹೇಳಲಾರೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಷ್ಟು ತಿಂಗಳಿಂದ ಎತ್ತುತ್ತಿದ್ದೀರಿ ಅಂತ ಬರೆದಿದ್ದೀರಿ, ಎಷ್ಟು ಜನ ಬಿಟ್ಟು ಹೋದರು ಅಂತಲೂ ಬರೆದಿದ್ದೀರಿ. ಚೀಲದೊಳಗೆ ಏನೇನಿತ್ತು ಅನ್ನುವುದು ಮಾತ್ರ ಎಲ್ಲೂ ಇಲ್ಲ. ನನ್ನ ಉತ್ತರವೆಲ್ಲ ಆ ಒಂದು ಕೊರತೆಯ ಬಗ್ಗೆಯೇ.

ಅದಕ್ಕೂ ಮುಂಚೆ ಆ ವಾಕಿಂಗ್‌ನವರ ಮಾತು. ಅವರು ಹೇಳಿದ್ದು ಕೇಳಲು ಸರಿ ಅನ್ನಿಸುತ್ತದೆ, ಅದಕ್ಕೇ ನಿಮಗೆ ನಾಟಿದೆ. ಆದರೆ ಪರೀಕ್ಷೆ ಮಾಡಿ ನೋಡಿದವರಿಗೆ ಕಂಡದ್ದು ಇದರ ಉಲ್ಟಾ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ನಗರದಲ್ಲಿ ಸಂಶೋಧಕರು ಒಂದು ಓಣಿಯಲ್ಲಿ ನಿಲ್ಲಿಸಿದ್ದ ಸೈಕಲ್‌ಗಳ ಹ್ಯಾಂಡಲ್‌ಗೆ ಕರಪತ್ರ ಸಿಕ್ಕಿಸಿದರು. ಸುತ್ತ ಕಸದ ಡಬ್ಬಿ ಇರಲಿಲ್ಲ. ಗೋಡೆ ಚೊಕ್ಕಟವಾಗಿದ್ದಾಗ ಆ ಕಾಗದವನ್ನು ಅಲ್ಲೇ ಬಿಸಾಡಿದವರು ಶೇ. 33. ಅದೇ ಗೋಡೆಯ ಮೇಲೆ ಏನೇನೋ ಗೀಚಿದ್ದಾಗ ಶೇ. 69. ಓಣಿ ಅದೇ, ಕಾಗದ ಅದೇ. ಬದಲಾಗಿದ್ದು ಗೋಡೆ ಮಾತ್ರ. ಇದು 2008ರಲ್ಲಿ ಪ್ರಕಟವಾದ ಅಧ್ಯಯನ. ಅದಕ್ಕೂ ಮುಂಚೆ, 1990ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಜೊತೆಗಾರರು ಇಂಥದ್ದೇ ಪ್ರಯೋಗಗಳನ್ನು ಪ್ರಕಟಿಸಿದ್ದರು. ಅವರಿಗೂ ಕಂಡದ್ದು ಇದೇ: ಕಸ ಬಿದ್ದ ಕಡೆ ಜನ ಕಸ ಹಾಕುತ್ತಾರೆ, ಇಲ್ಲದ ಕಡೆ ಕೈ ಹಿಂಜರಿಯುತ್ತದೆ.

ಹಾಗಾಗಿ ಭಾನುವಾರದಿಂದ ಬುಧವಾರದವರೆಗೆ ನಿಮ್ಮ ದಂಡೆ ಚೊಕ್ಕಟವಾಗಿ ಇತ್ತಲ್ಲ, ಆ ದಿನಗಳು ದಂಡವಲ್ಲ. ಎಷ್ಟೋ ಕೈಗಳು ಆ ದಿನಗಳಲ್ಲಿ ಹಿಂಜರಿದಿವೆ. ಬೀಳದೆ ಉಳಿದ ಕಸ ಕಣ್ಣಿಗೆ ಕಾಣುವುದಿಲ್ಲ, ಬಿದ್ದದ್ದು ಕಾಣುತ್ತದೆ. ಅಷ್ಟೇ ವ್ಯತ್ಯಾಸ.

ಆದರೂ ಬುಧವಾರಕ್ಕೆ ಮತ್ತೆ ಬರುತ್ತದೆ ಅನ್ನುವುದು ನಿಜ. ಎಲ್ಲಿಂದ ಬರುತ್ತದೆ? ಅದು ಗೊತ್ತಾಗದಿದ್ದರೆ ಇನ್ನೂ ಆರು ವರ್ಷ ಎತ್ತುತ್ತಲೇ ಇರಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನೂ ಇಂಥ ಒಂದು ಗುಂಪಿನ ಜೊತೆ ಹೋಗುತ್ತಿದ್ದೆ. ಎತ್ತು, ತುಂಬು, ಬಾಯಿ ಕಟ್ಟು, ಸಾಲಾಗಿ ಇಟ್ಟು ಒಂದು ಫೋಟೋ ತೆಗೆ. ಎರಡು ಗಂಟೆಗೆ ಮುಗಿಯುತ್ತಿತ್ತು. ಒಂದು ದಿನ ಗುಂಪಿನಲ್ಲಿದ್ದ ಹಿರಿಯರೊಬ್ಬರು ‘ಇವತ್ತು ಒಂದು ಚೀಲ ಕಟ್ಟಬೇಡಿ’ ಅಂದರು. ಹಳೆಯ ಬೆಡ್‌ಶೀಟ್ ಹಾಸಿದರು. ಚೀಲ ಮಗುಚಿದರು. ನಾವೆಲ್ಲ ಸುತ್ತ ಕುಕ್ಕರಗಾಲಲ್ಲಿ ಕೂತೆವು.

ರಾಶಿಯಾಗಿ ಕಂಡಾಗ ಅದು ಬರೀ ಕಸ. ಬೆರಳಲ್ಲಿ ಒಂದೊಂದೇ ಸರಿಸಿ ಗುಡ್ಡೆ ಮಾಡುತ್ತಾ ಹೋದ ಹಾಗೆ ಅದು ಬೇರೆಯೇ ಆಯಿತು. ಒಂದು ಕಡೆ ಸಿಗರೇಟ್ ತುಂಡು. ಒಂದು ಕಡೆ ಬಾಟಲಿ ಮುಚ್ಚಳ. ಬಾಟಲಿಗಳು ಅಷ್ಟಿರಲಿಲ್ಲ, ಮುಚ್ಚಳಗಳೇ ಜಾಸ್ತಿ. ಆಮೇಲೆ ಕಂಡಿದ್ದು ತ್ರಿಕೋನದ ಪುಟ್ಟ ಪುಟ್ಟ ಚೂರುಗಳು. ಉಗುರಿನಷ್ಟು ದೊಡ್ಡವು. ಒಂದು ಕಡೆ ಬಣ್ಣ, ಇನ್ನೊಂದು ಕಡೆ ಬೆಳ್ಳಿಯ ಹೊಳಪು. ಮೊದಲು ಏನೆಂದು ತಿಳಿಯಲಿಲ್ಲ. ಪೊಟ್ಟಣ ತೆರೆಯುವಾಗ ಹಲ್ಲಿನಲ್ಲಿ ಕಚ್ಚಿ ಹರಿದು ಉಗುಳುವ ಮೂಲೆ ಅದು. ಆ ಒಂದೇ ಚೀಲದಲ್ಲಿ 60ಕ್ಕಿಂತ ಜಾಸ್ತಿ ಸಿಕ್ಕವು. ಪೊಟ್ಟಣಗಳು ಮಾತ್ರ ಹತ್ತೂ ಇರಲಿಲ್ಲ.

ಇದರ ಅರ್ಥ ಏನು ಗೊತ್ತಾ? ಜನ ಪೊಟ್ಟಣವನ್ನು ಡಬ್ಬಿಗೇ ಹಾಕಿದ್ದರು. ಮೂಲೆಯ ಚೂರನ್ನು ಯಾರೂ ಕಸ ಅಂದುಕೊಂಡೇ ಇರಲಿಲ್ಲ. ಸಿಗರೇಟ್ ತುಂಡಿನ ಕಥೆಯೂ ಅದೇ. ಕಾಗದದ ತಟ್ಟೆಯನ್ನು ನೆಲಕ್ಕೆ ಹಾಕಲು ನಾಚುವವರೂ ಸಿಗರೇಟ್ ತುಂಡನ್ನು ಕಾಲಲ್ಲಿ ಹೊಸಕಿ ಮುಂದೆ ಹೋಗುತ್ತಾರೆ. ಅದರ ಫಿಲ್ಟರ್ ನೋಡಲು ಹತ್ತಿಯ ಹಾಗಿದೆ, ಆದರೆ ಹತ್ತಿ ಅಲ್ಲ. ಸೆಲ್ಯುಲೋಸ್ ಅಸಿಟೇಟ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್. ಬೇಗ ಕರಗುವುದಿಲ್ಲ. ಮಳೆ ಬಂದರೆ ಅದರೊಳಗಿನ ನಿಕೋಟಿನ್ ನೀರಿಗೆ ಇಳಿಯುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಹೀಗೆ ನೆಲಕ್ಕೆ ಬೀಳುವ ತುಂಡುಗಳನ್ನು ಲಕ್ಷ ಕೋಟಿಗಳಲ್ಲಿ ಎಣಿಸುತ್ತಾರೆ.

ಆ ಹಿರಿಯರು ಬೆಡ್‌ಶೀಟಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು ಎಲ್ಲವನ್ನೂ ಬರೆದರು. ಯಾವ ವಸ್ತು, ಎಷ್ಟು, ಎಲ್ಲಿ ಸಿಕ್ಕಿತು. ನಾಲ್ಕು ವಾರ ಬರೆದ ಮೇಲೆ ನೋಡಿದರೆ ಮೂಲೆ ಚೂರುಗಳೆಲ್ಲ ಹೆಚ್ಚುಕಡಿಮೆ ಎರಡು ಕಲ್ಲುಬೆಂಚುಗಳ ಸುತ್ತ. ಮುಚ್ಚಳಗಳು ಮೆಟ್ಟಿಲ ಹತ್ತಿರ. ತೆಳು ಚೀಲಗಳು ಮಾತ್ರ ಇಡೀ ದಂಡೆಗೆ ಹರಡಿದ್ದವು, ಅದೂ ಒಂದೇ ದಿಕ್ಕಿಗೆ. ಆ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಮುಚ್ಚಳವಿಲ್ಲದ ಒಂದು ತೊಟ್ಟಿ. ವಾರಕ್ಕೆ ಒಂದೇ ಸಲ ಖಾಲಿ ಆಗುತ್ತಿತ್ತು, ಎರಡನೇ ದಿನಕ್ಕೇ ತುಂಬುತ್ತಿತ್ತು. ಆಮೇಲೆ ಗಾಳಿ, ನಾಯಿ, ಕಾಗೆ. ಜನ ತೊಟ್ಟಿಗೇ ಹಾಕಿದ ಕಸವನ್ನು ನಾವು ತಿಂಗಳುಗಟ್ಟಲೆ ‘ಬುದ್ಧಿ ಇಲ್ಲದ ಜನ’ ಅಂತ ಬೈದುಕೊಳ್ಳುತ್ತಾ ಎತ್ತಿದ್ದೆವು. ನನಗೆ ಆ ದಿನ ತುಂಬಾ ಬೇಜಾರಾಯಿತು. ಆ ತೊಟ್ಟಿಗೆ ಒಂದು ಮುಚ್ಚಳ ಹಾಕಿಸಿ, ಎರಡು ದಿನಕ್ಕೊಮ್ಮೆ ಖಾಲಿ ಮಾಡಿಸಲು ಎರಡು ತಿಂಗಳು ಓಡಾಡಬೇಕಾಯಿತು. ಆದರೆ ಅದಾದ ಮೇಲೆ ಚೀಲಗಳ ಲೆಕ್ಕ ಇಳಿದದ್ದು ನೋಟ್‌ಬುಕ್‌ನಲ್ಲೇ ಕಾಣುತ್ತಿತ್ತು.

ಈ ಬರೆದಿಡುವ ಕೆಲಸ ಹೊಸದೇನಲ್ಲ. 1986ರಲ್ಲಿ ಅಮೆರಿಕದ ಟೆಕ್ಸಸ್ ಕಡಲ ತೀರದಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಒಹಾರಾ ಎಂಬ ಇಬ್ಬರು ಮಹಿಳೆಯರು ಒಂದು ಸ್ವಚ್ಛತಾ ದಿನ ನಡೆಸಿದರು. ಬಂದವರು ಸುಮಾರು 2,800 ಜನ. ಅವರಿಗೆ ಚೀಲದ ಜೊತೆ ಒಂದು ಕಾರ್ಡನ್ನೂ ಕೊಟ್ಟಿದ್ದರು. ಸಿಕ್ಕ ಪ್ರತಿ ವಸ್ತುವನ್ನೂ ಅದರಲ್ಲಿ ಗುರುತು ಹಾಕಬೇಕು. ಅಲ್ಲಿಂದ ಬೆಳೆದ ಕೆಲಸವೇ ಇವತ್ತು ನೂರಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುವ ಅಂತಾರಾಷ್ಟ್ರೀಯ ಕರಾವಳಿ ಸ್ವಚ್ಛತೆ. ಸಿಗರೇಟ್ ತುಂಡು ಎಷ್ಟೋ ವರ್ಷ ಆ ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು. ಅದು ನಮಗೆ ಗೊತ್ತಾದದ್ದು ಸಾಮಾನ್ಯ ಜನ ಕೂತು ಎಣಿಸಿದ್ದರಿಂದ.

ಎಣಿಕೆ ಎಲ್ಲಿವರೆಗೆ ಹೋಗಬಹುದು ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಬ್ರಿಟನ್ನಿನದು. ಅಲ್ಲಿನ ಕಡಲ ತೀರಗಳಲ್ಲಿ ಕಸ ಎತ್ತುವವರಿಗೆ ಸಣ್ಣ ಪ್ಲಾಸ್ಟಿಕ್ ಕಡ್ಡಿಗಳು ರಾಶಿ ರಾಶಿ ಸಿಗುತ್ತಿದ್ದವು. ಹತ್ತಿ ಸುತ್ತಿದ ಕಿವಿ ಕಡ್ಡಿ ಇರುತ್ತದಲ್ಲ, ಅದರ ಕಡ್ಡಿ. ಹತ್ತಿ ಹೋಗಿ ಕಡ್ಡಿ ಉಳಿದಿರುತ್ತಿತ್ತು. ಸಮುದ್ರ ನೋಡಲು ಬಂದವರು ಅಲ್ಲಿ ನಿಂತು ಕಿವಿ ಸ್ವಚ್ಛ ಮಾಡಿಕೊಳ್ಳುವುದಿಲ್ಲ, ಅಲ್ವಾ? ಹಾಗಾದರೆ ಎಲ್ಲಿಂದ ಬಂತು? ಮನೆಯ ಟಾಯ್ಲೆಟ್‌ನಿಂದ. ಬಳಸಿ ಅದರೊಳಗೆ ಹಾಕಿ ನೀರು ಬಿಡುತ್ತಿದ್ದರು. ಕಡ್ಡಿ ಎಷ್ಟು ಸಣ್ಣದು ಅಂದರೆ ಕೊಳಚೆ ನೀರು ಶುದ್ಧ ಮಾಡುವ ಕಡೆ ಇರುವ ಜಾಲರಿಯಿಂದಲೂ ನುಸುಳಿ ಕಡಲಿಗೆ ಸೇರುತ್ತಿತ್ತು. ತೀರದಲ್ಲಿ ‘ಕಸ ಹಾಕಬೇಡಿ’ ಅಂತ ಎಷ್ಟು ಬೋರ್ಡ್ ಹಾಕಿದ್ದರೂ ಒಂದು ಕಡ್ಡಿಯೂ ಕಡಿಮೆ ಆಗುತ್ತಿರಲಿಲ್ಲ. ಎಣಿಸಿದವರು ಆ ಲೆಕ್ಕ ಇಟ್ಟುಕೊಂಡು ಕೇಳುತ್ತಾ ಹೋದರು. ಕಂಪನಿಗಳು ಪ್ಲಾಸ್ಟಿಕ್ ಬಿಟ್ಟು ಕಾಗದದ ಕಡ್ಡಿಗೆ ಬಂದವು. 2019ರಲ್ಲಿ ಸ್ಕಾಟ್ಲೆಂಡ್, 2020ರಲ್ಲಿ ಇಂಗ್ಲೆಂಡ್ ಪ್ಲಾಸ್ಟಿಕ್ ಕಡ್ಡಿಯ ಮಾರಾಟವನ್ನೇ ನಿಷೇಧಿಸಿದವು.

ಪ್ರತಿ ವಸ್ತುವಿಗೂ ಮದ್ದು ಬೇರೆ. ನಿಮ್ಮ ರಾಶಿಯಲ್ಲಿ ಪಾನೀಯದ ಬಾಟಲಿಗಳೇ ಜಾಸ್ತಿ ಇದ್ದರೆ, ಅದಕ್ಕೆ ಜನರಿಗೆ ಬುದ್ಧಿ ಹೇಳುವುದಕ್ಕಿಂತ ಠೇವಣಿ ಪದ್ಧತಿ ಒಳ್ಳೆಯ ಮದ್ದು. ಕೊಳ್ಳುವಾಗ ಸ್ವಲ್ಪ ಹೆಚ್ಚು ಕೊಡುವುದು, ಖಾಲಿ ಬಾಟಲಿ ವಾಪಸ್ ಕೊಟ್ಟಾಗ ಆ ಹಣ ಪಡೆಯುವುದು. ಜರ್ಮನಿಯಲ್ಲಿ ಒಮ್ಮೆ ಬಳಸಿ ಬಿಡುವ ಬಾಟಲಿ, ಕ್ಯಾನ್‌ಗಳಿಗೆ 2003ರಿಂದ ಇದು ಕಡ್ಡಾಯ. ಶೇ. 90ಕ್ಕೂ ಹೆಚ್ಚು ವಾಪಸ್ ಬರುತ್ತವೆ. ಇದು ನಿಮ್ಮ 4 ಜನರಿಂದ ಆಗುವ ಕೆಲಸವಲ್ಲ, ನಿಜ. ಆದರೆ ಇದನ್ನು ಕೇಳಲು ಹೋಗುವವರ ಕೈಯಲ್ಲಿ ಲೆಕ್ಕ ಇದ್ದರೆ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಮಾತು ಕೇಳಲೇಬೇಕು. ನೀವು ಎತ್ತಿದ ಕಸ ಆಮೇಲೆ ಎಲ್ಲಿಗೆ ಹೋಗುತ್ತದೆ? ಪತ್ರದಲ್ಲಿ ‘ಒಣಗಿದ್ದನ್ನು ಕೆಲವೊಮ್ಮೆ ಅಲ್ಲೇ ಸುಡುತ್ತೇವೆ’ ಅಂತ ಒಂದು ಸಾಲಿದೆ. ದಯವಿಟ್ಟು ಸುಡಬೇಡಿ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. ಬಯಲಲ್ಲಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊಗೆಯಲ್ಲಿ, ಬೂದಿಯಲ್ಲಿ ಸೇರುತ್ತದೆ. ನೆಲದ ಮೇಲೆ ಕಣ್ಣಿಗೆ ಕಾಣುತ್ತಿದ್ದ ಕಸ ಉಸಿರಿಗೆ ಹೋಗುತ್ತದೆ, ಹಳ್ಳದ ನೀರಿಗೂ ಇಳಿಯುತ್ತದೆ. ಒಣಗಿದ ಎಲೆ, ಕಡ್ಡಿ ಕಸವೇ ಅಲ್ಲ. ಅವನ್ನು ಗುಡಿಸಲೂ ಬೇಡಿ. ಹುಳ, ಹಕ್ಕಿಗಳಿಗೆ ಅದೇ ಮನೆ, ಮಣ್ಣಿಗೆ ಅದೇ ಊಟ.

ಮರುಬಳಕೆಗೆ ಹೋಗುತ್ತದೆ ಅನ್ನುವ ನೆಮ್ಮದಿಯನ್ನೂ ಸ್ವಲ್ಪ ಪರೀಕ್ಷಿಸಿ. 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್‌ನಲ್ಲಿ ಮರುಬಳಕೆ ಆಗಿದ್ದು ಸುಮಾರು ಶೇ. 9 ಮಾತ್ರ ಅಂತ 2017ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ ಅನ್ನುವುದನ್ನು ನಿಮಗೆ ಚೆನ್ನಾಗಿ ಹೇಳಬಲ್ಲವರು ಚಿಂದಿ ಆಯುವವರು. ಕುಡಿಯುವ ನೀರಿನ ಬಾಟಲಿ ಎತ್ತುತ್ತಾರೆ. ಒಳಗೆ ಬೆಳ್ಳಿ ಹೊಳಪಿನ ಪೊಟ್ಟಣವನ್ನು ಮುಟ್ಟುವುದಿಲ್ಲ, ಏಕೆಂದರೆ ಅದರಲ್ಲಿ ಪದರದ ಮೇಲೆ ಪದರ ಅಂಟಿರುತ್ತದೆ, ಬಿಡಿಸಲು ಆಗದು, ಕೊಳ್ಳುವವರಿಲ್ಲ. ಅವರನ್ನು ಕರೆದು ಕೂರಿಸಿಕೊಂಡು ಮಾತಾಡಿ. ಮಾರಾಟವಾಗುವುದನ್ನು ಬೇರೆ ಮಾಡಿ ಅವರಿಗೇ ಕೊಡಿ. ನಿಮ್ಮ ಚೀಲದಲ್ಲಿ ಒದ್ದೆ, ಒಣ ಎಲ್ಲ ಕಲಸಿ ಹೋದರೆ ಅವರ ಅನ್ನಕ್ಕೂ ಕಲ್ಲು.

ಜಪಾನಿನಲ್ಲಿ ಕಮಿಕತ್ಸು ಅಂತ ಒಂದು ಪುಟ್ಟ ಊರಿದೆ, ಎರಡು ಸಾವಿರಕ್ಕೂ ಕಡಿಮೆ ಜನರದ್ದು. ಹಿಂದೆ ಅವರೂ ಬಯಲಲ್ಲಿ ಸುಡುತ್ತಿದ್ದವರೇ. 2003ರಲ್ಲಿ ‘ಶೂನ್ಯ ಕಸ’ ಅಂತ ಘೋಷಣೆ ಮಾಡಿದರು. ಮನೆ ಮನೆಗೆ ಕಸದ ಗಾಡಿ ಬರುವುದಿಲ್ಲ. ಜನರೇ ತೊಳೆದು, ಒಣಗಿಸಿ, ಕೇಂದ್ರಕ್ಕೆ ತಂದು 40ಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ. ಹೀಗೆ ಶೇ. 80ರಷ್ಟು ಮರುಬಳಕೆಗೆ ತಂದರು. 2020ಕ್ಕೆ ಪೂರ್ತಿ ಶೂನ್ಯ ಮಾಡಬೇಕೆಂದಿದ್ದರು, ಆಗಲಿಲ್ಲ. ಉಳಿದದ್ದು ವಿಂಗಡಿಸಲೇ ಬಾರದ ವಸ್ತುಗಳು. ಅದು ಜನರ ಸೋಲಲ್ಲ, ಅಂಥ ವಸ್ತು ತಯಾರಿಸುವವರು ಉತ್ತರ ಕೊಡಬೇಕಾದ ಪ್ರಶ್ನೆ.

ಈಗ 11 ಜನ 4 ಆದ ವಿಷಯ. ದೊಡ್ಡ ಜನಸಮೂಹ ಬೇಕೇ ಬೇಕು ಅಂದುಕೊಳ್ಳಬೇಡಿ. 2008ರ ಮೇ 3ರಂದು ಎಸ್ಟೋನಿಯಾ ದೇಶದಲ್ಲಿ 50,000 ಜನ ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸ ಎತ್ತಿದರು. ಆ ದಿನದ ಫೋಟೋ ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಕೆಲವರು ಕಾಡು ಮೇಡು ತಿರುಗಿ ಎಲ್ಲೆಲ್ಲಿ ಕಸ ಸುರಿದಿದ್ದಾರೆ ಅಂತ ನಕ್ಷೆಯಲ್ಲಿ ಗುರುತು ಹಾಕಿದ್ದರು. ಅದಿಲ್ಲದಿದ್ದರೆ 50,000 ಜನ ಬಂದು ಸುಮ್ನೆ ನಿಲ್ಲಬೇಕಾಗುತ್ತಿತ್ತು. ಇನ್ನು ಮುಂಬೈನ ವರ್ಸೋವಾ ತೀರ. ಅಲ್ಲಿ 2015ರಲ್ಲಿ ವಕೀಲ ಅಫ್ರೋಜ್ ಶಾ ಮತ್ತು 84 ವರ್ಷದ ಅವರ ನೆರೆಯವರು, ಇಬ್ಬರೇ ಶುರು ಮಾಡಿದ್ದು. ವಾರ ವಾರ ಹೋದರು. ಕಸ ವಾಪಸ್ ಬಂತು, ಮತ್ತೆ ಹೋದರು. ಜನ ಸೇರುತ್ತಾ ಹೋದರು. 2018ರಲ್ಲಿ ಅದೇ ಮರಳಿನಿಂದ ಕಡಲಾಮೆ ಮರಿಗಳು ಎದ್ದು ನೀರಿನ ಕಡೆ ನಡೆದವು.

ನಿಮ್ಮ ಗುಂಪು ಬಿಟ್ಟವರಿಗೆ ಸೋಮಾರಿತನ ಅಂತ ನನಗನ್ನಿಸುವುದಿಲ್ಲ. ಪ್ರತಿ ವಾರ ಅದೇ ಚೀಲ, ಅದೇ ಭಾರ, ಏನು ಬದಲಾಯಿತು ಅನ್ನುವುದೇ ಕಾಣದಿದ್ದರೆ ಯಾರಿಗಾದರೂ ಸಾಕಾಗುತ್ತದೆ. ಲೆಕ್ಕ ಇದ್ದರೆ ಮುಂದಿನ ವಾರ ನೋಡಬೇಕು ಅನ್ನುವ ಆಸೆ ಹುಟ್ಟುತ್ತದೆ. ಬಾಗಲು ಆಗದವರೂ ಕೂತು ಬರೆಯಬಹುದು. ಮಕ್ಕಳು ಎಣಿಸಬಹುದು. ಆದರೆ ಗಾಜು, ಸೂಜಿ ಇರುವ ಕಡೆ ಅವರನ್ನು ಬಿಡಬೇಡಿ. ದಪ್ಪ ಕೈಗವಸು ಇಲ್ಲದೆ ಯಾರೂ ಮುಟ್ಟಬಾರದು.

ಮುಂದಿನ ಭಾನುವಾರ ಇಡೀ ದಂಡೆ ಮಾಡಲು ಹೋಗಬೇಡಿ. ನೂರು ಹೆಜ್ಜೆ ಸಾಕು. ಇಬ್ಬರು ಎತ್ತಿ, ಒಬ್ಬರು ವಿಂಗಡಿಸಿ, ಒಬ್ಬರು ಬರೆಯಿರಿ. ಪ್ರತಿ ವಾರ ಅದೇ ನೂರು ಹೆಜ್ಜೆ. ನಾಲ್ಕು ವಾರ ಆದ ಮೇಲೆ ಯಾವ ವಸ್ತು ಜಾಸ್ತಿ ಅಂತ ನೋಡಿ, ಅದೊಂದರ ಹಿಂದೆ ಬೀಳಿ.

ಮತ್ತೆ ಆ ವಾಕಿಂಗ್‌ನವರು. ಅವರ ಮೇಲೆ ಕೋಪ ಬೇಡ. ಅವರು ದಿನಾ ಬರುವವರು. ಸೋಮವಾರ, ಮಂಗಳವಾರ, ಬುಧವಾರ ಆ ದಂಡೆಯಲ್ಲಿ ಏನಾಗುತ್ತದೆ, ಯಾವ ಹೊತ್ತಿಗೆ ಕಸ ಬರುತ್ತದೆ, ನಡೆದುಕೊಂಡು ಬರುತ್ತದೋ ಗಾಡಿಯಲ್ಲೋ ನೀರಲ್ಲೋ, ಭಾನುವಾರ ಮಾತ್ರ ಬರುವ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಸಿಕ್ಕಾಗ ಅದನ್ನೇ ಕೇಳಿ. ಒಪ್ಪಿದರೆ ನೋಟ್‌ಬುಕ್ ಅವರ ಕೈಗೇ ಕೊಡಿ.

– ಸಂಪಾದಕ