ಡ್ರಿಲ್ ಗೈಡ್ ತೂತನ್ನು ನೆಟ್ಟಗೆ ಮಾಡುತ್ತದೆ, ಜಾಗಕ್ಕೆ ತರುವುದಿಲ್ಲ

ಧಾರವಾಡದ ಮನೆಯಲ್ಲೇ ಪುಸ್ತಕದ ಕಪಾಟು ಮಾಡುತ್ತಿದ್ದೀರಿ, ಕೈಯಲ್ಲಿ ಹಿಡಿದು ಕೊರೆದರೆ ತೂತು ಓರೆ ಬೀಳುತ್ತಿದೆ, ಪೋರ್ಟಬಲ್ ಡ್ರಿಲ್ ಗೈಡ್ (ಕೈ ಡ್ರಿಲ್ಲನ್ನು ನೆಟ್ಟಗೆ ಇಳಿಸುವ ಸಣ್ಣ ಸ್ಟ್ಯಾಂಡು) ತಂದರೆ ಡ್ರಿಲ್ ಪ್ರೆಸ್‌ನಷ್ಟು (ಒಂದೇ ಕಡೆ ನಿಂತು ಕೊರೆಯುವ ದೊಡ್ಡ ಮಷಿನ್) ಕರಾರುವಾಕ್ಕಾಗಿ ಬರುತ್ತದೆಯೇ, ಯಾವುದು ತರಲಿ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಹೊತ್ತು ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳನ್ನು ನಾನೂ ಸುತ್ತಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ: ಶೆಲ್ಫ್ ಪಿನ್, ಅಂದರೆ ಶೆಲ್ಫನ್ನು ಹೊರುವ ಸಣ್ಣ ಗೂಟ, ಕೂಡಿಸುವುದಕ್ಕೆ ಆ ಗೈಡ್ ನಿಮಗೆ ಬೇಡ.

ನಮ್ಮ ಮನೆಯ ಕಪಾಟನ್ನೇ ತಗೊಳ್ಳಿ. 18 ಎಂಎಂ ಪ್ಲೈವುಡ್ಡಿನ ಎರಡು ಪಕ್ಕದ ಹಲಗೆ, ಒಂದೊಂದಕ್ಕೂ ಮುಂದೆ ಒಂದು ಸಾಲು, ಹಿಂದೆ ಒಂದು ಸಾಲು ತೂತು. ಎಲ್ಲವನ್ನೂ ಗೈಡ್ ಇಟ್ಟೇ ಕೊರೆದದ್ದು. ಪಿನ್ ಸಿಕ್ಕಿಸಿ ಗುಣಿಯಾ (ಲಂಬಕೋನ ನೋಡುವ ಮೂಲೆಮಟ್ಟ) ಹಚ್ಚಿ ನೋಡಿದರೆ ಒಂದೂ ಓರೆಯಿಲ್ಲ. ಶೆಲ್ಫ್ ಇಟ್ಟರೆ ಮಾತ್ರ ಟಕ್ ಟಕ್ ಎಂದು ಅಲ್ಲಾಡುತ್ತದೆ. ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತದೆ. ತಪ್ಪು ಗೈಡ್‌ನದಲ್ಲ, ಗುರುತಿನದು. ಎಡ ಹಲಗೆಯನ್ನು ಕೆಳತುದಿಯಿಂದ ಅಳೆದದ್ದು, ಬಲ ಹಲಗೆಯನ್ನು ಮೇಲ್ತುದಿಯಿಂದ. ಗರಗಸದ ಅಂಗಡಿಯಿಂದ ಕೊಯ್ಸಿ ತಂದ ಎರಡು ಹಲಗೆಗಳ ಉದ್ದದಲ್ಲೇ ಎರಡು ಎಂಎಂ ವ್ಯತ್ಯಾಸ ಇತ್ತು. ಅದರ ಮೇಲೆ ಪ್ರತಿ ಗುರುತನ್ನೂ ಹಿಂದಿನ ಗುರುತಿನಿಂದ ಅಳೆದು ಹಾಕಿದ್ದು. ಒಂದೊಂದು ಗುರುತಿನಲ್ಲಿ ಪೆನ್ಸಿಲ್ ಗೆರೆಯ ದಪ್ಪದಷ್ಟು, ಅಂದರೆ ಅರ್ಧ ಎಂಎಂ, ಒಂದೇ ಕಡೆ ಜಾರಿದರೆ ಹತ್ತನೇ ತೂತಿಗೆ ಐದು ಎಂಎಂ ಆಗುತ್ತದೆ. ಆ ಎರಡೂ ಹಲಗೆ ಹೋದವು. ಪ್ಲೈವುಡ್ ಮತ್ತೆ ತಂದದ್ದಾಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಅಲ್ಲಾಡದೆ ಕೂರುತ್ತದೆ, ನಾಲ್ಕು ಕಾಲಿನದು ಕೂರುವುದಿಲ್ಲ. ಶೆಲ್ಫ್ ನಿಲ್ಲುವುದು ನಾಲ್ಕು ಪಿನ್ನಿನ ಮೇಲೆ. ನಾಲ್ಕರಲ್ಲಿ ಒಂದು ಪಿನ್ ಒಂದು ಎಂಎಂ ತಗ್ಗಿದರೂ ಅದು ಅಲ್ಲಾಟವಾಗಿ ಕಾಣುತ್ತದೆ. ಎಡಗಡೆಯ ಎರಡೂ ಪಿನ್ ಒಟ್ಟಿಗೆ ಒಂದು ಎಂಎಂ ತಗ್ಗಿದ್ದರೆ ಶೆಲ್ಫ್ ಕಣ್ಣಿಗೆ ಕಾಣದಷ್ಟು ವಾಲುತ್ತದೆ, ಅಲ್ಲಾಡುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಹಾಗಾಗಿ ಬೇಕಾದದ್ದು ಟೇಪಿನ ಪ್ರಕಾರ ಸರಿಯಾದ ಅಂತರವಲ್ಲ. ನಾಲ್ಕೂ ಸಾಲಿನಲ್ಲಿ ಒಂದೇ ಅಂತರ, ಒಂದೇ ತುದಿಯಿಂದ ಶುರುವಾದ ಅಂತರ. ತಪ್ಪಿದರೂ ನಾಲ್ಕೂ ಕಡೆ ಒಂದೇ ತಪ್ಪು ಬಿದ್ದರೆ ಕೆಲಸ ಕೆಡುವುದಿಲ್ಲ.

ಓರೆಯ ಲೆಕ್ಕ ಬೇರೆ. ಕೈಯಲ್ಲಿ ಹಿಡಿದು ಕೊರೆದು ಮೂರು ಡಿಗ್ರಿ ಓರೆಯಾಯಿತು ಅಂದುಕೊಳ್ಳಿ. ಶೆಲ್ಫ್ ಪಿನ್ನಿನ ಹತ್ತು ಎಂಎಂ ಆಳದ ತೂತಿನಲ್ಲಿ ಅದರಿಂದ ಆಗುವ ವ್ಯತ್ಯಾಸ ಬರೀ ಅರ್ಧ ಎಂಎಂ. ಅದೇ ಮೂರು ಡಿಗ್ರಿ 70 ಎಂಎಂ ದಪ್ಪದ ಮೇಜಿನ ಕಾಲಿನಲ್ಲಿ ಆರಪಾರ ಹೋದರೆ ಆಚೆ ಬದಿಯಲ್ಲಿ ಮೂರೂವರೆ ಎಂಎಂಗಿಂತ ಹೆಚ್ಚು ತಪ್ಪುತ್ತದೆ, ಬೋಲ್ಟ್ ತೂರುವುದೇ ಇಲ್ಲ. ಗೈಡ್ ಬೇಕಾಗುವುದು ಈ ಎರಡನೇ ಕೆಲಸಕ್ಕೆ.

ನಿಮ್ಮ ಕಪಾಟಿಗೆ ಬೇಕಾದದ್ದು ಒಂದು ತೂತಿನ ಪಟ್ಟಿ, ಅಂದರೆ ಜಿಗ್. 12 ಎಂಎಂ ಪ್ಲೈವುಡ್ಡಿನ 60 ಎಂಎಂ ಅಗಲದ ಪಟ್ಟಿ ತಗೊಳ್ಳಿ. ಒಂದು ಉದ್ದನೆಯ ಅಂಚಿನಿಂದ 37 ಎಂಎಂ ಒಳಗೆ ಒಂದು ಗೆರೆ ಎಳೆದು, ಅದರ ಮೇಲೆ 32 ಎಂಎಂಗೆ ಒಂದರಂತೆ 5 ಎಂಎಂ ತೂತು. 37, 32, 5 ಇವು ಕಾರ್ಖಾನೆಯ ಕಪಾಟುಗಳಲ್ಲಿ ನಡೆಯುವ ಅಳತೆ, ಮುಂದೆ ಕಬ್ಜಾ, ಡ್ರಾವರ್ ಚಾನೆಲ್ ಹಾಕುವಾಗಲೂ ಹೊಂದುತ್ತವೆ. ಆದರೆ ಪಿನ್ ಮೊದಲು ಕೊಂಡು ಅಳೆಯಿರಿ, ಅಂಗಡಿಯಲ್ಲಿ 6 ಎಂಎಂ ಪಿನ್ನೂ ಸಿಗುತ್ತದೆ. ಈ ಪಟ್ಟಿಯ ತೂತುಗಳನ್ನು ಮಾತ್ರ ಡ್ರಿಲ್ ಪ್ರೆಸ್‌ನಲ್ಲಿ ಹಾಕಿಸಿ. ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಲೇಥ್ ಇರುವ ಯಾವುದಾದರೂ ಸಣ್ಣ ವರ್ಕ್‌ಶಾಪಿಗೆ ಹೋದರೆ ಆಗುವ ಕೆಲಸ. ಹೇಳುವಾಗ ಒಂದು ಮಾತು ಒತ್ತಿ ಹೇಳಿ: ಎಲ್ಲ ಅಳತೆಯೂ ಒಂದೇ ತುದಿಯಿಂದ. ಅಂದರೆ 32, 64, 96, 128 ಹೀಗೆ. ಮನೆಯಲ್ಲಿ ನೀವು ಅಳೆಯುವಾಗಲೂ ಟೇಪಿನ ತುದಿಯ ಕೊಕ್ಕೆಯನ್ನು ನಂಬಬೇಡಿ. ಹಳೆಯ ಟೇಪಿನಲ್ಲಿ ಅದು ಸವೆದು ಸಡಿಲಾಗಿರುತ್ತದೆ. ಸ್ಟೀಲ್ ಸ್ಕೇಲ್ ಒಳ್ಳೆಯದು. ಟೇಪೇ ಆದರೆ 10 ಸೆಂಟಿಮೀಟರ್ ಗೆರೆಯಿಂದ ಶುರುಮಾಡಿ ಕೊನೆಯಲ್ಲಿ ಕಳೆದುಕೊಳ್ಳಿ.

37 ಎಂಎಂ ಅಳೆದ ಅದೇ ಅಂಚಿಗೆ ಒಂದು ರೀಪು, ಪಟ್ಟಿಯ ಕೆಳತುದಿಗೆ ಇನ್ನೊಂದು ಚಿಕ್ಕ ರೀಪು ಸ್ಕ್ರೂ ಹಾಕಿ ಬಿಗಿಯಿರಿ. ಇವು ಹಲಗೆಯ ಅಂಚಿಗೂ ಕೆಳತುದಿಗೂ ಒತ್ತಿ ಕೂರುತ್ತವೆ, ಹಾಗಾಗಿ ಎರಡೂ ರೀಪು ಪಟ್ಟಿಯ ಎರಡೂ ಮುಖದಾಚೆಗೆ ಚಾಚಿರಬೇಕು. ಎಡ ಹಲಗೆ, ಬಲ ಹಲಗೆ ಒಂದಕ್ಕೊಂದು ಕನ್ನಡಿ ಬಿಂಬ. ಒಂದೇ ಮುಖಕ್ಕೆ ಚಾಚಿದ ಜಿಗ್ ಎರಡನೇ ಹಲಗೆಗೆ ಕೂರುವುದಿಲ್ಲ, ಆಗ ಜನ ಅದನ್ನು ತಲೆಕೆಳಗು ಮಾಡುತ್ತಾರೆ, ಅಲ್ಲಿಗೆ ಅಳತೆ ಮತ್ತೆ ಮೇಲಿನಿಂದ ಶುರು. ಎರಡೂ ಕಡೆ ಚಾಚಿದ್ದರೆ ಮಗುಚಿ ಹಾಕಿದರಾಯಿತು, ಕೆಳತುದಿ ಕೆಳತುದಿಯಾಗಿಯೇ ಉಳಿಯುತ್ತದೆ. ಆ ತುದಿಗೆ ಮಾರ್ಕರ್‌ನಲ್ಲಿ ದೊಡ್ಡದಾಗಿ ‘ಕೆಳಗೆ’ ಅಂತ ಬರೆಯಿರಿ. ಮೊದಲ ತೂತು ಕೊರೆದ ಕೂಡಲೇ ಜಿಗ್ ಮೂಲಕ ಆ ತೂತಿನ ದಪ್ಪದ ಒಂದು ಸರಳು ಇಳಿಬಿಟ್ಟರೆ ಪಟ್ಟಿ ಕದಲುವುದಿಲ್ಲ. ಆಳ 11 ಎಂಎಂ ಸಾಕು. ಜಿಗ್‌ನ 12 ಸೇರಿಸಿ ಬಿಟ್‌ನ ತುದಿಯಿಂದ 23 ಎಂಎಂಗೆ ಸ್ಟಾಪ್ ಕಾಲರ್ (ಬಿಟ್ ಇನ್ನೂ ಆಳ ಇಳಿಯದಂತೆ ತಡೆಯುವ ಬಳೆ) ಬಿಗಿಯಿರಿ. ಅಂಟುಪಟ್ಟಿ ಸುತ್ತುವ ಉಪಾಯ ಒಂದೆರಡು ತೂತಿಗೆ ಸರಿ, ಆಮೇಲೆ ಅದು ಮೇಲಕ್ಕೆ ಜಾರುತ್ತದೆ, ನಿಮಗೆ ಗೊತ್ತಾಗುವಷ್ಟರಲ್ಲಿ ಹಲಗೆಯ ಆಚೆ ಬದಿ ತೂತಾಗಿರುತ್ತದೆ.

ಇಷ್ಟು ಹೇಳಿದರೂ ನೀವು ಗೈಡ್ ಕೊಂಡೇ ಕೊಳ್ಳುತ್ತೀರಿ, ಗೊತ್ತು. ಮೇಜು, ಮಂಚ, ತೊಟ್ಟಿಲು ಮಾಡುವ ಆಸೆ ಇದ್ದರೆ ಕೊಳ್ಳುವುದು ತಪ್ಪೂ ಅಲ್ಲ. ಅಡಿಯಲ್ಲಿ ಒಂದು ತಟ್ಟೆ, ಅದರ ಮೇಲೆ ಎರಡು ಸ್ಟೀಲ್ ಕಂಬಿ, ಕಂಬಿಯ ಮೇಲೆ ಸ್ಪ್ರಿಂಗ್ ಒತ್ತಿಕೊಂಡು ಜಾರುವ ಅಡ್ಡಪಟ್ಟಿ, ಅದರಲ್ಲೊಂದು ಚಕ್, ಅಂದರೆ ಬಿಟ್ ಕಚ್ಚಿ ಹಿಡಿಯುವ ಬಾಯಿ. ಚಕ್‌ನ ಮೇಲಿನ ಆರುಮೂಲೆ ಸರಳನ್ನು ನಿಮ್ಮ ಡ್ರಿಲ್ಲಿನ ಚಕ್ ಹಿಡಿಯುತ್ತದೆ, ಬಿಟ್ ಕೂರುವುದು ಗೈಡ್‌ನ ಚಕ್‌ನಲ್ಲಿ. ತಂದ ದಿನವೇ ಪರೀಕ್ಷೆ ಮಾಡಿ. ಚಕ್‌ಗೆ ನೆಟ್ಟಗಿರುವ 6 ಎಂಎಂ ಸ್ಟೀಲ್ ಸರಳು ಹಾಕಿ, ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ನಿಲ್ಲಿಸಿ, ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಗುಣಿಯಾ ಹಚ್ಚಿ. ನಡುವೆ ಬೆಳಕಿನ ಸಂದು ಕಂಡರೆ ಕಂಬಿಯ ಬುಡದ ಸ್ಕ್ರೂ ಸಡಿಲಿಸಿ ಸರಿಪಡಿಸಿ ಮತ್ತೆ ಬಿಗಿಯಿರಿ. ಕೋನ ಬದಲಿಸುವ ಮಾದರಿಯಾದರೆ ಅದರ ಮೇಲೆ ಅಚ್ಚಾದ ಸೊನ್ನೆ ಗುರುತನ್ನು ನಂಬಬೇಡಿ, ಗುಣಿಯಾ ಹೇಳಿದ್ದೇ ಸೊನ್ನೆ. ಆಮೇಲೆ ಸರಳನ್ನು ಕೈಯಿಂದ ತಿರುಗಿಸಿ. ತುದಿ ಸುತ್ತು ಹೊಡೆಯುತ್ತಿದ್ದರೆ ಚಕ್ ಸರಿಯಿಲ್ಲ. ಅದನ್ನು ಮನೆಯಲ್ಲಿ ಸರಿಮಾಡಲಾಗುವುದಿಲ್ಲ, ವಾಪಸ್ ಕೊಟ್ಟುಬಿಡಿ.

ಕೊರೆಯುವ ಕ್ರಮ ಮುಖ್ಯ. ಮೊದಲು ಚೂಪು ಪೆನ್ಸಿಲಿನಿಂದ ಅಡ್ಡ ಉದ್ದ ಎರಡು ಗೆರೆ, ಅವು ಕೂಡುವಲ್ಲಿ ಪಂಚ್ ಇಟ್ಟು ಸಣ್ಣ ಏಟು. ಬಿಟ್ ಮರದ್ದೇ ಇರಲಿ, ನಡುವೆ ಮೊಳೆಯಂಥ ತುದಿ ಇರುವಂಥದು. ಹಳಿಯಾಳ, ದಾಂಡೇಲಿ ಕಡೆಯ ಸಾಗವಾನಿಯಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತು: ಅದರ ಬಳೆಗಳಲ್ಲಿ ಒಂದು ಪದರ ಮೆತ್ತಗೆ, ಪಕ್ಕದ್ದು ಗಟ್ಟಿ. ಕಬ್ಬಿಣಕ್ಕೆ ಹಾಕುವ ಸಾದಾ ಬಿಟ್ ಗಟ್ಟಿ ಪದರಕ್ಕೆ ತಾಗಿದ ಕೂಡಲೇ ಮೆತ್ತಗಿನ ಕಡೆಗೆ ಜಾರುತ್ತದೆ. ಗೈಡ್ ಹಿಡಿದುಕೊಂಡಿರುವುದು ಬಿಟ್‌ನ ಬುಡವನ್ನು, ತುದಿಯನ್ನಲ್ಲ. ತೆಳ್ಳಗಿನ ಬಿಟ್ ಆದರೆ ನಡುವೆಯೇ ಬಾಗುತ್ತದೆ.

ಮಷಿನ್ ಆಫ್ ಇರುವಾಗಲೇ ಬಿಟ್‌ನ ತುದಿಯನ್ನು ಪಂಚ್ ಗುರುತಿಗೆ ಇಳಿಸಿ ಕೂಡಿಸಿ, ಹಾಗೆಯೇ ಒತ್ತಿ ಹಿಡಿದು ಜಿ ಕ್ಲ್ಯಾಂಪಿನಿಂದ ತಟ್ಟೆಯನ್ನು ಬಿಗಿಯಿರಿ, ಆಮೇಲೆ ಮೇಲೆತ್ತಿ ಮಷಿನ್ ಶುರುಮಾಡಿ. ಹೆಚ್ಚಿನವರು ಇದನ್ನು ಹಿಂದುಮುಂದು ಮಾಡುತ್ತಾರೆ: ಕಣ್ಣಳತೆಯಲ್ಲಿ ತಟ್ಟೆ ಬಿಗಿದು, ತಿರುಗುವ ಬಿಟ್ಟನ್ನು ಇಳಿಸಿ, ಬಿದ್ದಲ್ಲಿ ಬೀಳಲಿ ಎಂದು ಬಿಡುತ್ತಾರೆ. ಕ್ಲ್ಯಾಂಪ್ ಹಾಕಲು ಜಾಗವೇ ಇಲ್ಲದ ಕಡೆ ತಟ್ಟೆಯ ಅಡಿಗೆ 120 ನಂಬರಿನ ಪಾಲಿಶ್ ಪೇಪರನ್ನು ಎರಡೂ ಬದಿ ಅಂಟಿರುವ ಟೇಪಿನಿಂದ ಅಂಟಿಸಿದರೆ ಜಾರುವುದು ಬಹಳಷ್ಟು ನಿಲ್ಲುತ್ತದೆ. ಪೇಪರ್ ಪೂರ್ತಿ ಅಡಿಗೆ ಇರಲಿ, ಒಂದೇ ಕಡೆ ಅಂಟಿಸಿದರೆ ಅದೇ ಓರೆ.

ಹೊಟ್ಟಿನ ಬಗ್ಗೆ ಯಾರೂ ಹೇಳುವುದಿಲ್ಲ. ನೂರು ಎಂಎಂ ಅಗಲದ ತಟ್ಟೆಯ ಒಂದು ಅಂಚಿನ ಅಡಿಗೆ ಒಂದು ಎಂಎಂ ದಪ್ಪದ ಮರದ ಚೂರು ಸಿಕ್ಕಿದರೆ ಅರ್ಧ ಡಿಗ್ರಿಗಿಂತ ಹೆಚ್ಚು ಓರೆ. ಪ್ರತಿ ತೂತಿಗೂ ಬ್ರಷ್‌ನಿಂದ ಜಾಡಿಸಿ. ತೂತಿನೊಳಗೂ ಹೊಟ್ಟು ತುಂಬಿದರೆ ಬಿಟ್ ಕಾದು ಮರ ಕಪ್ಪಾಗುತ್ತದೆ, ಹತ್ತು ಎಂಎಂ ಇಳಿದ ಮೇಲೆ ಒಮ್ಮೆ ಮೇಲೆತ್ತಿ ಹೊಟ್ಟು ಹೊರಹಾಕಿ. ಆರಪಾರ ತೂತಾದರೆ ಅಡಿಗೆ ಒಂದು ಹಳೆಯ ಹಲಗೆ ಒತ್ತಿ ಕ್ಲ್ಯಾಂಪ್ ಮಾಡಿ, ಇಲ್ಲವಾದರೆ ಬಿಟ್ ಹೊರಬೀಳುವಾಗ ಪ್ಲೈವುಡ್ಡಿನ ಮೇಲ್ಪದರ ಸೀಳಿ ಏಳುತ್ತದೆ.

ಡ್ರಿಲ್ಲಿನಲ್ಲಿ ಹ್ಯಾಮರ್ ಆಫ್ ಇರಬೇಕು, ಕ್ಲಚ್ ಬಳೆ ಬಿಟ್‌ನ ಚಿಹ್ನೆಗೆ ಬಂದಿರಬೇಕು. ಭಾರದ ಹ್ಯಾಮರ್ ಡ್ರಿಲ್ ಮೇಲೆ ಕೂತರೆ ಗೈಡ್‌ನ ಸಣ್ಣ ಕಂಬಿಗಳು ಬಾಗುತ್ತವೆ, ಹಿಡಿಕೆಯ ತೂಕವೇ ಒಂದು ಕಡೆಗೆ ಎಳೆಯುತ್ತದೆ. ಹಗುರವಾದ ಬ್ಯಾಟರಿ ಡ್ರಿಲ್ ಇದಕ್ಕೆ ಮೇಲು. ಐದಾರು ಎಂಎಂ ಬಿಟ್ಟಿಗೆ ಅದರ ಎರಡನೇ ಗೇರ್. 35 ಎಂಎಂ ಫೋರ್ಸ್ಟ್‌ನರ್ ಬಿಟ್ಟಿಗೆ, ಅಂದರೆ ಅಗಲವಾದ ದುಂಡು ಕುಳಿ ತೆಗೆಯುವ ಬಿಟ್ಟಿಗೆ, ಕಡ್ಡಾಯವಾಗಿ ಮೊದಲನೇ ಗೇರ್. ಅದನ್ನು ವೇಗವಾಗಿ ತಿರುಗಿಸಿದರೆ ಮರ ಸುಡುತ್ತದೆ, ಗೈಡ್ ಕಿತ್ತುಕೊಂಡು ಸುತ್ತುತ್ತದೆ. ಈ ಬಿಟ್ ಒಳಕಬ್ಜಾದ (ಬಾಗಿಲು ಮುಚ್ಚಿದಾಗ ಹೊರಗೆ ಕಾಣದ ಕಬ್ಜಾ) ಕಪ್ ಕೂರುವ ಕುಳಿಗೆ ಬೇಕು, ಆಳ 12ರಿಂದ 13 ಎಂಎಂ. ನಡುವಿನ ಮೊಳೆತುದಿ ಅದಕ್ಕಿಂತ ಎರಡು ಮೂರು ಎಂಎಂ ಕೆಳಗೆ ಹೋಗುತ್ತದೆ, 18 ಎಂಎಂ ಬಾಗಿಲಿನಲ್ಲಿ ಉಳಿಯುವುದು ಬಹಳ ಕಮ್ಮಿ. ಆಳದ ಸ್ಟಾಪ್ ಬಿಗಿದು ಮೊದಲು ಚೂರು ಹಲಗೆಯಲ್ಲಿ ನೋಡಲೇಬೇಕಾದ ಜಾಗ ಇದು. ಗೈಡ್‌ಗೆ ಕೊಟ್ಟ ದುಡ್ಡು ವಸೂಲಾಗುವುದೂ ಇಲ್ಲೇ, ಕೈಯಲ್ಲಿ ಹಿಡಿದು ಈ ಕಪ್ ತೆಗೆದರೆ ಅಂಚು ಒಂದು ಕಡೆ ಆಳ, ಇನ್ನೊಂದು ಕಡೆ ಮೇಲು.

ಹಲಗೆಯ ಅಂಚಿನಲ್ಲಿ ಡೋವೆಲ್ (ಎರಡು ಹಲಗೆ ಜೋಡಿಸುವ ದುಂಡು ಮರದ ಕಡ್ಡಿ) ತೂತು ಹಾಕುವುದಕ್ಕೆ ಕೆಲವು ಗೈಡ್‌ಗಳ ತಟ್ಟೆಯ ಅಡಿಗೆ ಎರಡು ಗೂಟ ಕೂರಿಸಬಹುದು. ತಟ್ಟೆಯನ್ನು ತಿರುವಿ ಎರಡೂ ಗೂಟ ಹಲಗೆಯ ಎರಡು ಮುಖಕ್ಕೆ ತಾಗುವ ಹಾಗೆ ಒತ್ತಿದರೆ ಬಿಟ್ ತಾನಾಗಿ ನಡುವೆ ಬರುತ್ತದೆ. ಒಳ್ಳೆಯ ಉಪಾಯ. ಆದರೆ ಹಲಗೆಯ ತುದಿಯ ಹತ್ತಿರ ಒಂದು ಗೂಟ ಗಾಳಿಯಲ್ಲಿ ನಿಲ್ಲುತ್ತದೆ, ಡೋವೆಲ್ ಬೇಕಾಗುವುದೋ ತುದಿಯ ಹತ್ತಿರವೇ. ಅಲ್ಲಿ ಗೂಟ ತೆಗೆದು, ಹಲಗೆಯ ಎರಡೂ ಪಕ್ಕಕ್ಕೆ ಅಂಚು ಸಮನಾಗಿ ಎರಡು ದಪ್ಪ ತುಂಡು ಕ್ಲ್ಯಾಂಪ್ ಮಾಡಿ ಅಗಲ ಮಾಡಿಕೊಂಡು ಗೈಡ್ ಇಡಿ. ಗೆರೆ ನೀವೇ ಎಳೆದುಕೊಳ್ಳಬೇಕು.

ಕಲಘಟಗಿ ತೊಟ್ಟಿಲಿನ ಥರ ಕಡೆದ ದುಂಡು ಕಂಬಗಳಿಗೆ ತೂತು ಹಾಕುವುದಾದರೆ ತಟ್ಟೆಯ ಅಡಿಗೆ ವಿ ಆಕಾರದ ತೋಡು ಇರುವ ಗೈಡನ್ನೇ ಆರಿಸಿ. ಗೈಡ್ ಕಂಬದ ಮೇಲೆ ಕೂರುತ್ತದೆ ನಿಜ, ಕಂಬ ನೆಲದ ಮೇಲೆ ಉರುಳದ ಹಾಗೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಎರಡು ರೀಪು ಹೊಡೆದು ಅದಕ್ಕೂ ಒಂದು ತೊಟ್ಟಿ ಮಾಡಿ. ದಪ್ಪ ಮರದಲ್ಲಿ ಗೈಡ್ ಜಾರುವ ಓಟ ಮುಗಿದುಹೋದರೆ ಗೈಡ್ ತೆಗೆದು ಉದ್ದ ಬಿಟ್ಟನ್ನು ಕೈಯಲ್ಲೇ ಮುಂದುವರಿಸಿ, ಅಷ್ಟು ಹೊತ್ತಿಗೆ ಆಗಿರುವ ತೂತೇ ದಾರಿ ತೋರಿಸುತ್ತದೆ.

ಗೋಡೆಗೆ ಮಾತ್ರ ಇದನ್ನು ಬಳಸಬೇಡಿ. ಹ್ಯಾಮರಿನ ಏಟಿಗೆ ಗೈಡ್‌ನ ಚಕ್ ಬೇರಿಂಗ್ ಹಾಳಾಗುತ್ತದೆ, ಸಿಮೆಂಟ್ ಧೂಳು ಕಂಬಿಯನ್ನು ಕೊರೆಯುತ್ತದೆ. ಕಬ್ಬಿಣದ (ಎಂಎಸ್) ಆ್ಯಂಗಲ್, ಪಟ್ಟಿ ಇಂಥವನ್ನೂ ಡ್ರಿಲ್ ಪ್ರೆಸ್ ಇರುವಲ್ಲಿಗೇ ಒಯ್ಯಿರಿ. ಇನ್ನು ಧಾರವಾಡದ ಮಳೆಗಾಲ: ಕಂಬಿಗೆ ತುಕ್ಕು ಹತ್ತಿದರೆ ಅಡ್ಡಪಟ್ಟಿ ತಡೆತಡೆದು ಇಳಿಯುತ್ತದೆ. ಹೊಲಿಗೆ ಮಷಿನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೆಚ್ಚಾದದ್ದನ್ನು ಒಣಬಟ್ಟೆಯಿಂದ ತೆಗೆದು ಇಡಿ. ಎಣ್ಣೆ ಸುರಿದು ಹಾಗೇ ಬಿಟ್ಟರೆ ಹೊಟ್ಟು ಅಂಟಿಕೊಂಡು ಅದೇ ಇನ್ನೊಂದು ತೊಂದರೆ.