ಹಿಮ ಬಿದ್ದ ಬೀದಿ ಯಾಕೆ ಸುಣ್ಣ ಬಳಿದಂಗೆ ಕಾಣತ್ತೆ?

ಪ್ರಶ್ನೆ: ಮಗಳು ಟೊರೊಂಟೊದಲ್ಲಿದ್ದಾಳೆ. ಸ್ನೋ ಬೀಳ್ತಿರೋವಾಗ ಅವರ ಮನೆ ಹತ್ರದ ರಸ್ತೆ ಫೋಟೋ ಕಳ್ಸಿದ್ಲು, ಎರಡೂ ಕಡೆ ಇಟ್ಟಿಗೆ ಮನೆ, ಮಧ್ಯೆ ಕೆಂಪು ಟ್ರಾಮ್. ಅದನ್ನ ಆಯಿಲ್ ಪೇಂಟ್‌ನಲ್ಲಿ ಮಾಡ್ತಿದೀನಿ. ಟೈಟಾನಿಯಂ ವೈಟ್ ಟ್ಯೂಬ್ ಪೂರ್ತಿ ಖಾಲಿ ಆಯ್ತು, ಆದ್ರೂ ಹಿಮ ಅನ್ಸಲ್ಲ, ಸುಣ್ಣ ಬಳಿದಂಗಿದೆ. ಬೀಳೋ ಸ್ನೋ ತೋರ್ಸೋದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಳಿ ಜಾಸ್ತಿ ಆಗಿದೆ, ಅಷ್ಟೇ ಮೇಡಂ. ಎಲ್ಲಾ ಕಡೆ ಶುದ್ಧ ಬಿಳಿ ಹಾಕ್ಬಿಟ್ರೆ ಅದಕ್ಕಿಂತ ಬೆಳಕಿಂದು ತೋರ್ಸೋಕೆ ನಿಮ್ಮತ್ರ ಏನೂ ಉಳಿಯಲ್ಲ. ಅಲ್ಟ್ರಾಮರೀನ್ ಬ್ಲೂಗೆ ಬರ್ನ್ಟ್ ಸಿಯೆನಾ (ಕೆಂಪು ಕಂದು ಬಣ್ಣ) ಕಲಸಿದ್ರೆ ಒಳ್ಳೆ ಬೂದು ಬರತ್ತೆ, ಅದನ್ನ ಬಿಳಿಗೆ ಸೇರಿಸಿ ರಸ್ತೆ, ಚಾವಣಿ ಎಲ್ಲಾನೂ ಒಂದು ಮೆಟ್ಟಿಲು ಕೆಳಗೇ ಇಡಿ, ಬರೀ ಬಿಳಿ ಕೊನೇಲಿ ನಾಲ್ಕೈದು ಕಡೆ ಸಾಕು. ನೆರಳು ನೀಲಿ ಅಂತ ಎಲ್ರೂ ಹೇಳ್ತಾರೆ, ಅದು ನಿಜ, ಆದ್ರೆ ಬಿಸಿಲಿದ್ದು ಆಕಾಶ ತಿಳಿಯಾಗಿದ್ದಾಗ ಮಾತ್ರ. ನಿಮ್ಮ ಫೋಟೋದಲ್ಲಿ ಸ್ನೋ ಬೀಳ್ತಾನೇ ಇದೆ ಅಂದ್ಮೇಲೆ ಮೋಡ, ಅಲ್ಲಿ ಗಾಢ ನೀಲಿ ನೆರಳು ಹಾಕಿದ್ರೆ ಸುಳ್ಳು ಅನ್ಸತ್ತೆ. ಫೋನ್ ಕ್ಯಾಮೆರಾ ಹಿಮ ಕಂಡ್ರೆ ಇಡೀ ಚಿತ್ರಾನೇ ಸ್ವಲ್ಪ ಮಂಕು ಮಾಡ್ಬಿಡತ್ತೆ, ಅದನ್ನೂ ಪೂರ್ತಿ ನಂಬ್ಬೇಡಿ.

ಇನ್ನೊಂದು ಮುಖ್ಯ ವಿಷಯ ಕೊಳೆ. ಹಳ್ಳಿ ಹಿಮ ಬೇರೆ, ಸಿಟಿ ಹಿಮ ಬೇರೆ. ಗಾಡಿ ಓಡಾಡಿದ ಕಡೆ ಅದು ಕರಗಿ ಕಂದು ರಾಡಿ ಆಗಿರತ್ತೆ, ರಸ್ತೆ ಅಂತ ಗೊತ್ತಾಗೋದೇ ಅದ್ರಿಂದ. ಅಮೆರಿಕದ ಚಿತ್ರಕಾರ ರಾಬರ್ಟ್ ಹೆನ್ರಿ 1902ರಲ್ಲಿ ಮಾಡಿದ 'ಸ್ನೋ ಇನ್ ನ್ಯೂಯಾರ್ಕ್' ನೆಟ್‌ನಲ್ಲಿ ಹುಡುಕಿ ದೊಡ್ಡದು ಮಾಡಿ ನೋಡಿ. ಗಾಡಿ ಚಕ್ರದ ಗುರುತು, ಕತ್ತಲೆ ಕಟ್ಟಡಗಳು, ಚಿತ್ರದ ತುಂಬಾ ಬೂದು ಕಂದು, ಆದ್ರೂ ನೋಡಿದ್ರೆ ಚಳಿ ಆಗತ್ತೆ. ನಂಗಂತೂ ಗ್ರೀಟಿಂಗ್ ಕಾರ್ಡ್ ಹಿಮಕ್ಕಿಂತ ಇದೇ ಇಷ್ಟ. ನೀವೂ ಟ್ರಾಮ್ ಹಳಿ ಪಕ್ಕ ರಾ ಅಂಬರ್ (ಮಣ್ಣಿನಂಥ ಕಂದು) ಸೇರಿಸಿದ ಬೂದು ಎಳೀರಿ, ಬ್ರಷ್ ಹಳಿ ಹೋಗೋ ದಿಕ್ಕಿಗೇ ಓಡ್ಲಿ. ಟ್ರಾಮ್‌ನ ಕೆಂಪು ಟ್ಯೂಬಿಂದ ನೇರ ಹಾಕ್ಬೇಡಿ, ದೂರ ಇದ್ರೆ ಬೂದು ಬೆರೆಸಿ ತಗ್ಗಿಸಿ.

ಬೀಳೋ ಸ್ನೋಗೆ ಕೆಳಗಿನ ಬಣ್ಣ ಒಣಗೋವರೆಗೂ ಕಾಯ್ಲೇಬೇಕು, ಇಲ್ಲಾಂದ್ರೆ ಬಿಳಿ ಚುಕ್ಕಿಗೆ ಇಟ್ಟಿಗೆ ಕೆಂಪು ಹತ್ಕೊಂಡು ಗುಲಾಬಿ ಆಗತ್ತೆ. ಎಲ್ಲಾ ಚುಕ್ಕಿ ಒಂದೇ ಸೈಜ್ ಬೇಡ, ಹತ್ರದ್ದು ದೊಡ್ಡದು, ಕೆಲವೇ ಸಾಕು, ದೂರದ್ದಕ್ಕೆ ಚುಕ್ಕಿನೇ ಬೇಡ, ಕಟ್ಟಡಗಳ ಅಂಚು ಒಣ ಬ್ರಷ್‌ನಲ್ಲಿ ಮಸುಕು ಮಾಡಿ. ಆಕಾಶದ ಎದುರಿಗೆ ಬರೋ ಹಿಮ ನಿಜವಾಗ್ಲೂ ಕಪ್ಪಗೆ ಕಾಣತ್ತೆ, ಬಿಳಿ ಕಾಣೋದು ಗೋಡೆ ಎದುರಿಗೆ ಬಂದಾಗ, ಹಾಗಾಗಿ ಆಕಾಶದಲ್ಲಿ ಚುಕ್ಕಿ ಇಡೋ ಕಷ್ಟಾನೇ ಬೇಡ.

ಪ್ರಶ್ನೆ: ಹಿಮಕ್ಕೆ ಝಿಂಕ್ ವೈಟ್ ಆಗತ್ತಾ?
– ಅವರೇ

ಉತ್ತರ: ಬೇಡ. ತೆಳುವಾಗಿ ಪಾರದರ್ಶಕ ಇರತ್ತೆ, ಕೆಳಗಿಂದು ಮುಚ್ಚಲ್ಲ, ಜೊತೆಗೆ ವರ್ಷಗಳು ಕಳೆದಂಗೆ ಪೆಡಸಾಗಿ ಬಿರುಕು ಬಿಡತ್ತೆ. ಟೈಟಾನಿಯಮ್ಮೇ ತಗೊಳ್ಳಿ, ಒಣಗೋದು ನಿಧಾನ, ಅದ್ರಲ್ಲೂ ಮಳೆಗಾಲದಲ್ಲಿ. ಮುಟ್ಟಿ ನೋಡಿ, ಬೆರಳಿಗೆ ಅಂಟ್ತಿದ್ರೆ ಇನ್ನೂ ಒಣಗೋಕೆ ಬಿಡಿ.