ಹೊಸ ಚಾಕು ಮಸೆದರೆ ಮೈಯೆಲ್ಲ ಗೀರು, ಏನು ಮಾಡಲಿ?

ಪ್ರಶ್ನೆ: ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿನ ತುಂಡೊಂದನ್ನು ನಮ್ಮೂರ ಕುಲುಮೆಯಲ್ಲಿ ಬಡಿಸಿ, ಹದ ಹಾಕಿಸಿ (ಕಾಯಿಸಿ ಅದ್ದಿ ಗಡಸು ಮಾಡಿಸಿ), ಅಡುಗೆಮನೆಗೆ ಚಾಕು ಮಾಡಿಕೊಂಡೆ. ಮೂರು ಸಂಜೆ ಕೂತು ಎಮರಿ ಪೇಪರಿನಲ್ಲಿ ತಿಕ್ಕಿ ಮುಖ ಕಾಣುವಷ್ಟು ಹೊಳಪು ಬರಿಸಿದ್ದೆ. ಆಮೇಲೆ ಸಾಣೆಕಲ್ಲಿಗೆ ಹಿಡಿದೆ ನೋಡಿ, ಹತ್ತೇ ನಿಮಿಷದಲ್ಲಿ ಎರಡೂ ಬದಿ ಬೆಕ್ಕು ಪರಚಿದ ಹಾಗಾಯಿತು. ತಪ್ಪು ಕಲ್ಲಿನದಾ, ನನ್ನದಾ?
(ಸಾಗರದ ಓದುಗರು)

ಉತ್ತರ: ಕಲ್ಲಿನದಂತೂ ಅಲ್ಲ. ಹೊಳಪು ಮೊದಲು, ಹರಿತ ಆಮೇಲೆ ಅಂತ ಹೊರಟಿರಲ್ಲ, ಎಡವಿದ್ದು ಅಲ್ಲೇ. ಕುಲುಮೆಯಿಂದ ಬಂದ ಚಾಕುವಿಗೆ ಬಾಯಿ, ಅಂದರೆ ಕೊಯ್ಯುವ ಅಂಚು, ಅನ್ನೋದೇ ಇರುವುದಿಲ್ಲ. ಹದ ಹಾಕುವಾಗ ತೆಳು ಅಂಚು ಬಿರುಕು ಬಿಡುತ್ತೆ, ಸೊಟ್ಟಗಾಗುತ್ತೆ ಅಂತ ಬೇಕೆಂದೇ ದಪ್ಪ ಬಿಟ್ಟಿರುತ್ತಾರೆ. ಅದನ್ನೆಲ್ಲ ಕಲ್ಲಿನ ಮೇಲೆ ಸವೆಸುವುದು ಒರಟು ಕೆಲಸ, ಅದು ಮುಗಿಯುವ ತನಕ ಮೈಗೆ ಹೊಳಪಿನ ಆಸೆ ಬೇಡ.

ಗೀರುಗಳನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡಿ. ಬಾಯಿಗೆ ಹತ್ತಿರ ಪಟ್ಟಿಯ ಹಾಗೆ ಒಟ್ಟಾಗಿದ್ದರೆ, ಮಸೆಯುವಾಗ ಕೈ ಕೆಳಗಿಳಿದು ಚಾಕು ಕಲ್ಲಿನ ಮೇಲೆ ಮಲಗಿದೆ ಅಂತ ಅರ್ಥ. ಮಧ್ಯದಲ್ಲಿ ಅಲ್ಲೊಂದು ಇಲ್ಲೊಂದು ಉದ್ದ ಗೀರಿದ್ದರೆ ಅದು ಕಲ್ಲಿನ ಮೇಲೆ ಕೂರುವ ಕಪ್ಪು ಕೆಸರಿನ ಕೆಲಸ. ಅದರಲ್ಲಿ ಕಲ್ಲಿನ ಪುಡಿಯೂ ಇರುತ್ತೆ, ಕಬ್ಬಿಣದ ಪುಡಿಯೂ ಇರುತ್ತೆ. ಎಷ್ಟೋ ಸಲ ಕಲ್ಲು ಗೀರುವುದೇ ಇಲ್ಲ, ನಾವು ಅದೇ ಕೆಸರು ಬೆರಳನ್ನು ಅಲಗಿನ ಮೇಲೆ ಒತ್ತಿ ಜಾರಿಸುತ್ತೇವೆ, ಬೆರಳೇ ಗೀರುತ್ತೆ!

ಈಗ ಹೀಗೆ ಮಾಡಿ. ಗೀರು ಬಿದ್ದಿದ್ದು ಬಿದ್ದಾಯಿತು, ಕಲ್ಲಿನ ಒರಟು ಬದಿಯಲ್ಲೇ ಬಾಯಿ ಪೂರ್ತಿ ಮೂಡಿಸಿಬಿಡಿ. ಚಾಕು 3 ಸೆಂ.ಮೀ. ಅಗಲ ಇದ್ದರೆ ಬೆನ್ನು ಕಲ್ಲಿನಿಂದ 1 ಸೆಂ.ಮೀ. ಮೇಲಿರಲಿ, ಸುಮಾರು 20 ಡಿಗ್ರಿ ಬರುತ್ತೆ, ಅಡುಗೆಮನೆಗೆ ಧಾರಾಳ ಸಾಕು. ಅಂಚಿಗೆ ಮಾರ್ಕರ್ ಪೆನ್ನಿನ ಬಣ್ಣ ಬಳಿದು ನಾಲ್ಕು ಸಲ ಎಳೆದು ನೋಡಿ. ಬಣ್ಣ ತುದಿಯಲ್ಲಿ ಮಾತ್ರ ಹೋದರೆ ಬೆನ್ನು ಜಾಸ್ತಿ ಎತ್ತಿದ್ದೀರಿ, ತುದಿಯಲ್ಲಿ ಉಳಿದು ಮೇಲೆ ಮಾತ್ರ ಹೋದರೆ ಕಡಿಮೆ ಎತ್ತಿದ್ದೀರಿ. ಒಂದು ಬದಿ ಮಸೆಯುತ್ತಾ ಹೋದರೆ ಇನ್ನೊಂದು ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ತರಿ ಏಳುತ್ತೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆ ಹೊರಕ್ಕೆ ಸವರಿದರೆ ಗೊತ್ತಾಗುತ್ತೆ, ಬಾಯಿಯ ಉದ್ದಕ್ಕೆ ಮಾತ್ರ ಸವರಬೇಡಿ. ತರಿ ಬುಡದಿಂದ ಮೊನೆ ತನಕ ಸಿಕ್ಕಿದ ಮೇಲೆ ಚಾಕು ತಿರುಗಿಸಿ.

ಇದಾದ ಮೇಲೆ ಹೊಳಪು. ಎಮರಿ ಪೇಪರನ್ನು ಮರದ ತುಂಡಿಗೆ ಸುತ್ತಿ 400, 600, 1000 ನಂಬರ್ ಹೀಗೆ ಏರಿಸುತ್ತಾ ಹೋಗಿ, ನಂಬರ್ ಏರಿದಷ್ಟೂ ಪೇಪರು ನುಣುಪು. ಕೊನೆಯ ಕೆಲವು ಎಳೆತ ಹಿಡಿಯಿಂದ ಮೊನೆ ಕಡೆಗೆ ಒಂದೇ ದಿಕ್ಕಿಗಿರಲಿ. ಚಾಕುವನ್ನು ಹಲಗೆಯ ಮೇಲೆ ಮಲಗಿಸಿ ತಿಕ್ಕಿ, ಬಾಯಿ ಆಗಲೇ ಹರಿತ ಇದೆ, ಹುಷಾರು.

ಕೊನೆಗೆ ನುಣುಪು ಬದಿಯಲ್ಲಿ ಮಸೆಯುವ ಮುಂಚೆ ಅಲಗಿನ ಎರಡೂ ಮಗ್ಗುಲಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಬಾಯಿಯ ಹತ್ತಿರ 3-4 ಮಿ.ಮೀ. ಬಿಡಿ. ಅಂಟಿಸುವ ಮೊದಲು ಒರೆಸಲೇಬೇಕು, ಟೇಪಿನಡಿ ಒಂದು ಕಣ ಮರಳು ಸಿಕ್ಕಿಕೊಂಡರೂ ಅದೇ ಗೀರುತ್ತೆ. ಮಸೆಯುವಾಗ ಟೇಪಿನ ಅಂಚು ಸವೆದರೆ ಕೈ ಇಳಿಯುತ್ತಿದೆ ಅಂತ ತಿಳಿಯಿರಿ. ಕಲ್ಲನ್ನೂ ಬೆರಳನ್ನೂ ಆಗಾಗ ತೊಳೆಯಿರಿ. ಟೇಪಿನ ಅಂಟು ಉಳಿದರೆ ಕೊಬ್ಬರಿ ಎಣ್ಣೆಯಲ್ಲಿ ಹೋಗುತ್ತೆ.

ಬೇಗ ಆಗಲಿ ಅಂತ ಗ್ರೈಂಡರಿಗೆ, ಅಂದರೆ ಕರೆಂಟಿನ ಸಾಣೆ ಚಕ್ರಕ್ಕೆ, ಮಾತ್ರ ಕೊಡಬೇಡಿ. ಬಿಸಿಯಾಗಿ ಅಂಚು ನೀಲಿ ತಿರುಗಿತೋ, ಅಲ್ಲಿ ಹದ ಹೋಯಿತು, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಪ್ಲೇಟಿನ ಉಕ್ಕು ಸ್ಟೇನ್‌ಲೆಸ್ ಅಲ್ಲ. ಇಷ್ಟೆಲ್ಲ ಕಷ್ಟಪಟ್ಟು ಕನ್ನಡಿ ಮಾಡಿದ ಮೇಲೆ ಮನೆಯಲ್ಲಿ ಅದರಲ್ಲೇ ಮಾವಿನಕಾಯಿ ಹೆಚ್ಚುತ್ತಾರೆ, ಮೈ ಬೂದು-ಕಪ್ಪಾಗುತ್ತೆ. ಅದು ತುಕ್ಕಲ್ಲ, ಹಾಗೇ ಬಿಡಿ.